ನಾಲ್ಕು ಖಾನೆಯ ಫ್ರೆಂಚ್

ಅಣ್ಣನ ಮಗ ಊಟದ ಮೇಜಿನ ಮುಂದೆ ಕೂತು ಕಾಲು ಅಲ್ಲಾಡಿಸುತ್ತಾ ಉರು ಹೊಡೆಯುತ್ತಿದ್ದ: "ಸಿ-ಇ, ಸಿ-ಇ-ಟಿ, ಸಿ-ಇ-ಟಿ-ಟಿ-ಇ, ಸಿ-ಇ-ಎಸ್." ಅಡುಗೆಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದ ಅಮ್ಮ ಗಾಬರಿಯಿಂದ ಇಣುಕಿದರು. "ಏನೋ ಪುಟ್ಟಾ, ಏಳನೇ ಕ್ಲಾಸಿಗೇ ಸಿಇಟಿನಾ?"

"ಅಯ್ಯೋ, ಅಲ್ಲ ಅಜ್ಜಿ, ಫ್ರೆಂಚು. ನಾಳೆ ಯೂನಿಟ್ ಟೆಸ್ಟು."

ಅಮ್ಮ ನೆಮ್ಮದಿಯಾಗಿ ಒಳಗೆ ಹೋದರು. ನನ್ನ ನೆಮ್ಮದಿ ಅಲ್ಲಿಗೆ ಮುಗಿಯಿತು. ಬೆಂಗಳೂರಿನ ಶಾಲೆಗಳಲ್ಲಿ ಆರು, ಏಳು, ಎಂಟನೇ ತರಗತಿಗೆ ಹತ್ತು ವರ್ಷ ಫ್ರೆಂಚ್ ಹೇಳಿಕೊಟ್ಟವಳು ನಾನು. ಅವನ ನೋಟ್‌ಬುಕ್ಕಿನಲ್ಲಿದ್ದ ಆ ನಾಲ್ಕು ಖಾನೆಯ ಕೋಷ್ಟಕ ನನ್ನ ಹಳೆಯ ಶತ್ರು. ಪುಲ್ಲಿಂಗಕ್ಕೆ ಸಿ-ಇ, ಪುಲ್ಲಿಂಗವಾಗಿದ್ದು ಸ್ವರದಿಂದ ಶುರುವಾದರೆ ಸಿ-ಇ-ಟಿ, ಸ್ತ್ರೀಲಿಂಗಕ್ಕೆ ಸಿ-ಇ-ಟಿ-ಟಿ-ಇ, ಬಹುವಚನ ಯಾವುದಾದರೂ ಸಿ-ಇ-ಎಸ್. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ದಿಸ್, ದಟ್, ದೀಸ್, ದೋಸ್. ಸುತ್ತ ಕೆಂಪು ಸ್ಕೆಚ್ ಪೆನ್ನಿನ ಚೌಕಟ್ಟು. ವ್ಯಾಕರಣದವರು ಇವುಗಳನ್ನು ನಿರ್ದೇಶಕ ವಿಶೇಷಣ ಎನ್ನುತ್ತಾರೆ. ನಾನು ಬೆರಳು ತೋರಿಸುವ ಪದಗಳು ಎನ್ನುತ್ತೇನೆ, ಯಾಕೆಂದರೆ ಬೆರಳಿಲ್ಲದೆ ಇವು ಹುಟ್ಟಲೇ ಇಲ್ಲ. ಆ ಹುಡುಗನ ಎರಡೂ ಕೈ ಮಾತ್ರ ತೊಡೆಯ ಕೆಳಗಿದ್ದವು.

ನಾನೊಂದು ಕಿತಾಪತಿ ಮಾಡಿದೆ. ಒಂದು ಹಾಳೆಯ ಮೇಲೆ ಫ್ರೆಂಚಿನಂತೆ ಕಾಣುವ, ಆದರೆ ಫ್ರೆಂಚಲ್ಲದ ಐದು ಪದ ಬರೆದೆ. ಎಲ್ಲವೂ ನನ್ನದೇ ಸೃಷ್ಟಿ. ಒಂದಂತೂ ನಮ್ಮ ಗುಬ್ಬಚ್ಚಿಗೆ ಫ್ರೆಂಚ್ ಬಾಲ ಅಂಟಿಸಿದ್ದು. ಪ್ರತಿ ಪದದ ಹಿಂದೆ ಒಂದು ಖಾಲಿ ಗೆರೆ, ಮುಂದೆ ಕಂಸದಲ್ಲಿ ಎಮ್ ಅಥವಾ ಎಫ್. ಶಾಲೆಯ ಪ್ರಶ್ನೆಪತ್ರಿಕೆಯಲ್ಲಿ ಇರುವುದೂ ಹೀಗೆಯೇ. ಪೆನ್ಸಿಲ್ ಎತ್ತಿದವನು ಅರ್ಧ ನಿಮಿಷದಲ್ಲಿ ಐದನ್ನೂ ತುಂಬಿದ. ಐದೂ ಸರಿ. ಐದಕ್ಕೆ ಐದು ಕೊಟ್ಟೆ. ಆಮೇಲೆ ತಲೆಯೆತ್ತಿ ಕೇಳಿದ: "ಅತ್ತೆ, ಇವುಗಳ ಅರ್ಥ ಏನು?"

ಅರ್ಥ ಇಲ್ಲ ಕಂದ. ಈ ಪರೀಕ್ಷೆಗೆ ಫ್ರೆಂಚೇ ಬೇಕಿಲ್ಲ.

ನನ್ನ ತಕರಾರು ಇರುವುದು ಈ ಹುಡುಗನ ಮೇಲಲ್ಲ, ಅವನ ಟೀಚರ್ ಮೇಲೂ ಅಲ್ಲ. "ಮೊದಲು ಟೇಬಲ್ ಬಾಯಿಪಾಠ ಆಗಲಿ, ಮಾತು ಆಮೇಲೆ ತಾನೇ ಬರುತ್ತೆ" ಎಂಬ, ಶಾಲೆ, ಪಾಲಕರು, ಗೈಡು ಬರೆಯುವವರು ಎಲ್ಲರೂ ಬೆನ್ನು ತಟ್ಟಿ ಕೂರಿಸಿರುವ ನಂಬಿಕೆಯ ಮೇಲೆ. ಆಮೇಲೆ ಅಂದರೆ ಯಾವಾಗ? ಎಂಟನೇ ತರಗತಿ ಮುಗಿದ ಮೇಲೆ ಬಹಳಷ್ಟು ಮಕ್ಕಳು ಫ್ರೆಂಚಿಗೆ ಕೈಮುಗಿದು ಹೋಗುತ್ತಾರೆ. ಮೂರು ವರ್ಷ ಕಲಿತವನಿಗೆ ಬೇಕರಿಯ ಗಾಜಿನಾಚೆಗಿನ ಒಂದು ತಿಂಡಿಯನ್ನು ತೋರಿಸಿ 'ಇದು ಕೊಡಿ' ಎನ್ನಲು ಬರುವುದಿಲ್ಲ. ಆ ಆಮೇಲೆ ಯಾರ ಮನೆಯ ಕ್ಯಾಲೆಂಡರಿನಲ್ಲಿದೆ?

ಆ ಕೋಷ್ಟಕವನ್ನೇ ಸ್ವಲ್ಪ ಕನ್ನಡ ಲಿಪಿಯಲ್ಲಿ ಬರೆದು ನೋಡಿ. ಮೊದಲನೆಯದು 'ಸ'. ಎರಡನೆಯದು 'ಸೆತ್'. ಮೂರನೆಯದು? ಅದೂ 'ಸೆತ್'. ನಾಲ್ಕನೆಯದು 'ಸೆ'. ನೋಟ್‌ಬುಕ್ಕಿನಲ್ಲಿ ನಾಲ್ಕು ಖಾನೆ, ಬಾಯಲ್ಲಿ ಮೂರೇ ಸದ್ದು. 'ಸೆತ್ ಆಮಿ' ಎಂದು ಪ್ಯಾರಿಸ್ಸಿನವನೇ ಹೇಳಿದರೂ ಈ ಗೆಳೆಯನೋ ಈ ಗೆಳತಿಯೋ ಎಂದು ಕಿವಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಕಾಗದದ ಮೇಲೆ, ಇಲ್ಲವೇ ಮುಂದಿನ ಮಾತಿನಲ್ಲಿ. 'ಮಧ್ಯಾಹ್ನ' ಎಂಬ ಅವರ ಪದವನ್ನಂತೂ ನಿಘಂಟುಗಳೇ ಎರಡೂ ಲಿಂಗದಲ್ಲಿ ಒಪ್ಪುತ್ತವೆ. ಅದಕ್ಕೆ ಎರಡನೇ ಖಾನೆಯದನ್ನು ಹಚ್ಚಿದರೂ ಮೂರನೆಯದನ್ನು ಹಚ್ಚಿದರೂ ಕೇಳಿಸುವುದು ಒಂದೇ, 'ಸೆತ್ ಆಪ್ರೆ-ಮಿದಿ'. ನಮ್ಮ ಮಕ್ಕಳು ಅರ್ಧ ಟರ್ಮು ಬೆವರು ಸುರಿಸುವುದು ಹೀಗೆ ಕಿವಿಗೆ ಕಾಣದ ಒಂದು ವ್ಯತ್ಯಾಸಕ್ಕೆ. ಕಿವಿಗೆ ಬಡಿಯುವ ವ್ಯತ್ಯಾಸದ ಬಗ್ಗೆ ಯಾರೂ ಅವರಿಗೆ ಬಾಯಿ ಬಿಡುವುದಿಲ್ಲ.

ಯಾವುದದು? ಕನ್ನಡದಲ್ಲಿ 'ಈ ಪುಸ್ತಕ', 'ಈ ಪುಸ್ತಕಗಳು' ಎನ್ನುತ್ತೇವೆ. 'ಈ' ಅಲ್ಲಾಡುವುದಿಲ್ಲ, ಒಂದೋ ಹಲವೋ ಎಂಬುದನ್ನು ಬಾಲದ 'ಗಳು' ಹೇಳುತ್ತದೆ. ಹಾಗಾಗಿ ನಮ್ಮ ಮಗುವಿನ ಕಿವಿ ಹುಟ್ಟಿನಿಂದ ಪದದ ಬಾಲಕ್ಕೆ ಕಾಯುತ್ತದೆ. ಫ್ರೆಂಚಿನಲ್ಲಿ 'ಸ ಲಿವ್ರ್' ಒಂದು ಪುಸ್ತಕ, 'ಸೆ ಲಿವ್ರ್' ಹಲವು. ಬರೆಯುವಾಗ ಬಾಲಕ್ಕೊಂದು ಎಸ್ ಅಂಟಿಸುತ್ತಾರೆ ನಿಜ, ಆದರೆ ಅದಕ್ಕೆ ಬಾಯಿಲ್ಲ. ಭಾರವೆಲ್ಲ ತಲೆಯ ಮೇಲೆ, ಆ ಪುಟ್ಟ 'ಸ' ಮತ್ತು 'ಸೆ' ಮೇಲೆ. ಒಮ್ಮೆ ಏಳನೇ ತರಗತಿಯಲ್ಲಿ ಕಣ್ಣು ಮುಚ್ಚಿಸಿ ಆಡಿಸಿದ್ದೆ: ನಾನು 'ಸೆ ಲಿವ್ರ್' ಎಂದರೆ ಪುಸ್ತಕಗಳ ಕಟ್ಟು ಎತ್ತಬೇಕು, 'ಸ ಲಿವ್ರ್' ಎಂದರೆ ಒಂದೇ ಒಂದು. ಕೋಷ್ಟಕ ಬರೆಯುವುದರಲ್ಲಿ ಒಂದು ಕಾಲು ಅಂಕವನ್ನೂ ಬಿಡದ ಮಕ್ಕಳು ಒಂದೊಂದೇ ಪುಸ್ತಕ ಎತ್ತಿಕೊಂಡು, ಇನ್ನೂ ಬಾಲ ಬರುತ್ತದೆಂದು ಕಾಯುತ್ತಾ ನಿಂತರು. ಅವತ್ತೇ ಬೋರ್ಡಿನ ಮೇಲಿದ್ದ ನನ್ನ ಚಂದದ ಚೌಕಟ್ಟನ್ನು ಒರೆಸಿದೆ. ಆವರೆಗೆ ನಾನೂ ಕೆಂಪು ಚಾಕ್‌ಪೀಸಿನ ಚೌಕಟ್ಟಿನವಳೇ.

ಒಂದು ಮಾತು ಹೇಳಬೇಕು. ಆ ಕೋಷ್ಟಕ ಕೆಟ್ಟದ್ದಲ್ಲ, ಬೇರೆಯವರದ್ದು. ಫ್ರಾನ್ಸಿನ ಮಗು ಶಾಲೆಗೆ ಕಾಲಿಡುವ ಹೊತ್ತಿಗೆ 'ಸ', 'ಸೆತ್', 'ಸೆ' ಅದರ ನಾಲಗೆಯ ಮೇಲೆ ಕುಣಿಯುತ್ತಿರುತ್ತವೆ. ಅದರ ಪಾಡು ಬರವಣಿಗೆಯದು: ಸದ್ದು ಒಂದೇ 'ಸೆ', ಬರೆದರೆ 'ಈ ಇವುಗಳು', 'ಅವನವು', 'ಇದು ಇಂಥದ್ದು' ಎಂಬ ಮೂರು ಅರ್ಥಕ್ಕೆ ಮೂರು ಕಾಗುಣಿತ. ಅದಕ್ಕೇ ಅಲ್ಲಿ ಕೋಷ್ಟಕ, ಉಕ್ತಲೇಖನ, ಕೆಂಪು ಇಂಕು. ಫ್ರಾನ್ಸಿನ ಶಾಲಾ ವ್ಯಾಕರಣವೆಂಬುದು ಬೆಳೆದದ್ದೇ ಅಲ್ಲಿನ ಮಕ್ಕಳಿಗೆ ಕಾಗುಣಿತ ಕಲಿಸಲಿಕ್ಕೆ ಎಂದು ಇತಿಹಾಸಕಾರ ಆಂದ್ರೆ ಷೆರ್ವೆಲ್ 1977ರಲ್ಲಿ ಒಂದು ಇಡೀ ಪುಸ್ತಕದಲ್ಲಿ ವಾದಿಸಿದರು. ಅಂದರೆ ಮಾತು ಬರುವ ಮಗುವಿಗೆ ಬರವಣಿಗೆ ಕಲಿಸಲು ಅರೆದ ಔಷಧವನ್ನು ನಾವು ಮಾತೇ ಬಾರದ ಮಗುವಿನ ಬಾಯಿಗೆ ಹಿಂಡುತ್ತಿದ್ದೇವೆ. ಆಮೇಲೆ, "ಮಗು ಯಾಕೋ ಫ್ರೆಂಚಲ್ಲಿ ಮಾತಾಡಲ್ಲ" ಎಂದು ಪೇರೆಂಟ್ಸ್ ಮೀಟಿಂಗಿನಲ್ಲಿ ಎಲ್ಲರೂ ಮುಖಮುಖ ನೋಡಿಕೊಳ್ಳುತ್ತೇವೆ.

ಇನ್ನು ಪಕ್ಕದ ಇಂಗ್ಲಿಷ್. ದಿಸ್, ದಟ್! ಹತ್ತಿರದ್ದಕ್ಕೂ ದೂರದ್ದಕ್ಕೂ ಫ್ರೆಂಚ್ ಒಂದೇ ಪದ ಬಳಸುತ್ತದೆ. ಬೇಕೇಬೇಕೆಂದಾಗ ಪದದ ಕೊನೆಗೆ ಬಾಲ ಸೇರಿಸುತ್ತದೆ: 'ಸ ಲಿವ್ರ್-ಸಿ' ಅಂದರೆ ಈ ಪುಸ್ತಕ, 'ಸ ಲಿವ್ರ್-ಲಾ' ಅಂದರೆ ಆ ಪುಸ್ತಕ. ಬೆರಳೋ ಸಂದರ್ಭವೋ ಹೇಳುವಾಗ ಬಾಲವೂ ಬೇಡ. ಇಷ್ಟು ಸರಳವಾದದ್ದನ್ನು ದಿಸ್, ದಟ್, ದೀಸ್, ದೋಸ್ ಎಂಬ ಇಂಗ್ಲಿಷಿನ ನಾಲ್ಕು ಗೂಟಕ್ಕೆ ಕಟ್ಟಿದರೆ ಏನಾಗುತ್ತದೆ? ಮಗು ನಾಲ್ಕಕ್ಕೆ ನಾಲ್ಕು ಜೋಡಿಸುತ್ತದೆ. ಸಿ-ಇ ಅಂದರೆ ದಿಸ್, ಸಿ-ಇ-ಟಿ ಅಂದರೆ ದಟ್! ಇದು ನನ್ನ ಕಟ್ಟುಕಥೆಯಲ್ಲ. ಪ್ರತಿ ವರ್ಷ ಪ್ರತಿ ಸೆಕ್ಷನ್ನಿನಲ್ಲಿ ಮೂರು ನಾಲ್ಕು ಪುಸ್ತಕಗಳಲ್ಲಿ ತಿದ್ದಿದ್ದೇನೆ. ದಡ್ಡರಲ್ಲ ಆ ಮಕ್ಕಳು. ನಾವು ಕೊಟ್ಟ ಚಿತ್ರವನ್ನು ಅವರು ಸರಿಯಾಗಿಯೇ ಓದಿಕೊಂಡರು.

ಇದನ್ನೇ ಕನ್ನಡದ ಮಗುವಿಗೆ ಕನ್ನಡದಲ್ಲಿ ಹೇಳಿದ್ದರೆ? "ನೋಡಪ್ಪ, ನಮಗೆ ಈ-ಆ ಎರಡಿದೆ, ಅವರಿಗೆ ಒಂದೇ. ನಮ್ಮ 'ಈ' ಹುಡುಗನಿಗೂ ಹುಡುಗಿಗೂ ಹುಣಸೆಮರಕ್ಕೂ ಒಂದೇ, ಅವರದ್ದು ಬದಲಾಗುತ್ತೆ." ಎರಡೇ ವಾಕ್ಯ. ಆಸಕ್ತಿ ಇದ್ದರೆ ಇನ್ನೂ ಒಂದು ಸ್ವಾರಸ್ಯ ಹೇಳಬಹುದು. ಹಳೆಯ ಫ್ರೆಂಚಿನಲ್ಲಿಯೂ ಹತ್ತಿರಕ್ಕೊಂದು, ದೂರಕ್ಕೊಂದು ಬೇರೆ ಬೇರೆ ಪದ ಇದ್ದವು, 'ಸಿಸ್ತ್' ಮತ್ತು 'ಸಿಲ್'. ಹತ್ತಿರದ್ದರ ಸಂತಾನವೇ ಇವತ್ತಿನ 'ಸೆತ್'. ದೂರದ್ದು ಸರ್ವನಾಮಗಳ ಮನೆ ಸೇರಿಕೊಂಡಿತು. ನಮ್ಮಲ್ಲೂ ಹಾಗೇ ಆಗಿದೆ. ಹಳಗನ್ನಡದಲ್ಲಿ ಅವಂ, ಇವಂ ಅಲ್ಲದೆ 'ಉವಂ' ಎಂದೊಂದಿತ್ತು, ಅಷ್ಟು ಹತ್ತಿರವೂ ಅಲ್ಲ, ಅಷ್ಟು ದೂರವೂ ಅಲ್ಲದವನಿಗೆ. ನಾವು ಮೂರರಿಂದ ಎರಡಕ್ಕೆ ಬಂದೆವು, ಅವರು ಎರಡರಿಂದ ಒಂದಕ್ಕೆ. ಏಳನೇ ತರಗತಿಯ ಮಗುವಿಗೆ ಇದು ಕಥೆಯ ಹಾಗೆ ಕೇಳಿಸುತ್ತದೆ, ನಾನು ಹೇಳಿ ನೋಡಿದ್ದೇನೆ. ಆದರೆ ಫ್ರೆಂಚ್ ಪೀರಿಯಡ್ಡಿನಲ್ಲಿ ಕನ್ನಡವೇ? ಶಾಂತಂ ಪಾಪಂ! ಒಂದು ಶಾಲೆಯಲ್ಲಿ ಇದಕ್ಕಾಗಿಯೇ ನನ್ನನ್ನು ಕರೆದು "ಮ್ಯಾಮ್, ಪ್ಲೀಸ್ ಮೇಂಟೇನ್ ಸ್ಟ್ಯಾಂಡರ್ಡ್" ಎಂದರು. ಮಗುವಿಗೆ ಚೆನ್ನಾಗಿ ಗೊತ್ತಿರುವ ಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸಿ, ಅರ್ಧಂಬರ್ಧ ಗೊತ್ತಿರುವ ಇಂಗ್ಲಿಷಿನ ಮೂಲಕ ಏನೂ ಗೊತ್ತಿಲ್ಲದ ಫ್ರೆಂಚ್ ಕಲಿಸುವುದಕ್ಕೆ ಸ್ಟ್ಯಾಂಡರ್ಡ್ ಎನ್ನುತ್ತಾರಂತೆ.

ಬಣ್ಣದವರ ಕಥೆಯನ್ನೂ ಮುಗಿಸಿಬಿಡುತ್ತೇನೆ. ಕೋಷ್ಟಕ ನೀರಸವೆಂದು ಒಪ್ಪಿಕೊಂಡ ಆಧುನಿಕರು ಪುಲ್ಲಿಂಗಕ್ಕೆ ನೀಲಿ, ಸ್ತ್ರೀಲಿಂಗಕ್ಕೆ ಗುಲಾಬಿ ಬಳಿದು ವರ್ಕ್‌ಶೀಟ್ ಮಾಡಿದ್ದಾರೆ. ಖಾನೆ ಅದೇ, ಸುಣ್ಣಬಣ್ಣ ಬೇರೆ. ಗುಲಾಬಿ ಮೇಜು ನೋಡಿದ ಮಗು ಮೇಜೇ ಹೆಣ್ಣು ಎಂದುಕೊಳ್ಳುತ್ತದೆ, ಯಾಕೆ ಹೆಣ್ಣು ಎಂದು ಕೇಳುತ್ತದೆ, ಉತ್ತರ ಇರುವುದಿಲ್ಲ. ಲಿಂಗ ಇರುವುದು ಪದಕ್ಕೆ, ವಸ್ತುವಿಗಲ್ಲ. ಸೈಕಲ್ಲಿಗೆ ಅವರಲ್ಲಿ ಎರಡು ಹೆಸರು: 'ಸ ವೆಲೊ' ಎಂದರೆ ಗಂಡು, 'ಸೆತ್ ಬಿಸಿಕ್ಲೆತ್' ಎಂದರೆ ಹೆಣ್ಣು. ನಿಂತಿರುವುದು ಅದೇ ಸೈಕಲ್, ಅದೇ ಸ್ಟ್ಯಾಂಡಿನ ಮೇಲೆ. 'ವ್ಯಕ್ತಿ' ಎಂಬರ್ಥದ ಪದ ಸ್ತ್ರೀಲಿಂಗ. ಆರಡಿ ಎತ್ತರದ ಪೈಲ್ವಾನನೂ 'ಸೆತ್ ಪೆರ್ಸೊನ್' ಆಗುತ್ತಾನೆ. ಹೆಂಡತಿಗೆ ಸಂಸ್ಕೃತದಲ್ಲಿ 'ದಾರ' ಪುಲ್ಲಿಂಗ, 'ಭಾರ್ಯಾ' ಸ್ತ್ರೀಲಿಂಗ, 'ಕಲತ್ರ' ನಪುಂಸಕ ಎಂದು ನಕ್ಕು ಬೆಳೆದ ನಾಡು ನಮ್ಮದು. ಈ ತಮಾಷೆ ಒಂದನ್ನು ಹೇಳಿದ್ದರೆ ಆ ನೀಲಿ ಗುಲಾಬಿ ಬಣ್ಣದ ಖರ್ಚು ಉಳಿಯುತ್ತಿತ್ತು.

'ಎಚ್' ಅಕ್ಷರದ ಗತಿ ಇನ್ನೂ ಚೆಂದ. "ಸ್ವರ ಅಥವಾ ಎಚ್ ಬಂದರೆ ಸಿ-ಇ-ಟಿ" ಎಂದು ಗೈಡು ಒಂದೇ ಏಟಿಗೆ ಮುಗಿಸುತ್ತದೆ. ಮಗು ಗೂಬೆಗೂ ನಾಯಕನಿಗೂ ಅದನ್ನೇ ಹಾಕುತ್ತದೆ, ತಪ್ಪಾಗುತ್ತದೆ. ಫ್ರೆಂಚಿನಲ್ಲಿ ಯಾವ ಎಚ್ಚೂ ಉಸಿರು ಬಿಡುವುದಿಲ್ಲ, ಆದರೆ ಕೆಲವು ಎಚ್‌ಗಳು ಬಾಗಿಲಿಗೆ ಅಡ್ಡ ನಿಂತು ಹಿಂದಿನ ಸದ್ದನ್ನು ಒಳಗೆ ಬಿಡುವುದಿಲ್ಲ. 'ಸೆತ್ ಓಮ್' ಎನ್ನುವಲ್ಲಿ ಬಿಟ್ಟಿತು, 'ಸ ಎರೊ' ಎನ್ನುವಲ್ಲಿ ಬಿಡಲಿಲ್ಲ. ಬಿಟ್ಟಿದ್ದರೆ ಬಹುವಚನದಲ್ಲಿ 'ಈ ನಾಯಕರು' ಹೋಗಿ 'ಸೆ ಜೆರೊ', ಅಂದರೆ 'ಈ ಸೊನ್ನೆಗಳು' ಆಗುತ್ತಿದ್ದರು. ಹೀರೋ ಝೀರೋ ಜೋಕು ಗೊತ್ತಿಲ್ಲದ ಮಗು ಕರ್ನಾಟಕದಲ್ಲಿದೆಯೇ? ಒಮ್ಮೆ ಕಿವಿಯಲ್ಲಿ ಕೇಳಿಸಿದರೆ ಜನ್ಮದಲ್ಲಿ ಮರೆಯದು. ಕೋಷ್ಟಕದಲ್ಲಿ ಇದಕ್ಕೊಂದು ನಕ್ಷತ್ರಚಿಹ್ನೆ, ಪುಟದ ಕೆಳಗೆ ಸಣ್ಣಕ್ಷರದಲ್ಲಿ 'ಎಕ್ಸೆಪ್ಷನ್ಸ್'.

ಈ ಬಾಯಿಪಾಠದ ದಾರಿ ಎಲ್ಲಿಗೆ ಒಯ್ಯುತ್ತದೆಂದು ಫ್ರೆಂಚರಿಗೇ ಯಾವಾಗಲೋ ಗೊತ್ತಾಗಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಫ್ರಾಂಸ್ವಾ ಗ್ವಾಂ ಎಂಬ ಮೇಷ್ಟ್ರು ಜರ್ಮನ್ ಕಲಿಯಲು ಹ್ಯಾಂಬರ್ಗಿಗೆ ಹೋಗಿ ವ್ಯಾಕರಣ ಪುಸ್ತಕವನ್ನೂ 248 ಅನಿಯಮಿತ ಕ್ರಿಯಾಪದಗಳನ್ನೂ ಉರು ಹೊಡೆದರು. ಎದೆ ಸೆಟೆಸಿಕೊಂಡು ಉಪನ್ಯಾಸ ಕೇಳಲು ಹೋದರೆ ಒಂದು ಪದ ತಲೆಗೆ ಹತ್ತಲಿಲ್ಲ. ಸೋತು ಊರಿಗೆ ಬಂದಾಗ ಮೂರು ವರ್ಷದ ಸೋದರಳಿಯ ಅಷ್ಟರಲ್ಲಿ ಫ್ರೆಂಚಿನಲ್ಲಿ ವಟಗುಟ್ಟುತ್ತಿದ್ದ. ಹಿಟ್ಟಿನ ಗಿರಣಿ ನೋಡಿ ಬಂದ ಆ ಪೋರ ಕಂಡದ್ದನ್ನೆಲ್ಲ ಆಡಿ ಆಡಿ ಮಾತಾಗಿಸುವುದನ್ನು ಕಂಡು ಮೇಷ್ಟ್ರಿಗೆ ಜ್ಞಾನೋದಯವಾಯಿತು. 1880ರಲ್ಲಿ ಪುಸ್ತಕ ಬರೆದರು. 1902ರಲ್ಲಿ ಫ್ರಾನ್ಸ್ ಸರ್ಕಾರವೇ ತನ್ನ ಶಾಲೆಗಳಲ್ಲಿ ಪರಭಾಷೆಗಳನ್ನು ಅನುವಾದದ ದಾರಿಯಲ್ಲಿ ಬೇಡ, ನೇರವಾಗಿ ಮಾತಿನಲ್ಲೇ ಕಲಿಸಿ ಎಂದು ಹುಕುಂ ಹೊರಡಿಸಿತು. ಫ್ರಾನ್ಸು ನೂರಿಪ್ಪತ್ತು ವರ್ಷಗಳ ಹಿಂದೆ ತಿಪ್ಪೆಗೆಸೆದ ಪದ್ಧತಿಯಲ್ಲಿ ನಾವು ಫ್ರೆಂಚನ್ನೇ ಕಲಿಸುತ್ತಿದ್ದೇವೆ!

"ಎಲ್ಲ ಸರಿ, ಆದರೆ ಸ್ಕೋರಿಂಗ್ ಸಬ್ಜೆಕ್ಟು" ಎನ್ನುತ್ತಾರೆ ಪಾಲಕರು. ಸಂಸ್ಕೃತದಲ್ಲಿ 125ಕ್ಕೆ 125 ಬಂದವನ ಬಾಯಲ್ಲಿ ಒಂದು ಸ್ವಂತ ವಾಕ್ಯ ಹೊರಡದ ಹಾಗೆ ಇದೂ ಒಂದು. ಅಂಕ ಬರುತ್ತದೆ, ನಿಜ. ಇಲ್ಲದ ಗುಬ್ಬಚ್ಚಿಗೂ ಬಂತಲ್ಲ, ನೋಡಿದಿರಿ. ಫ್ರಾನ್ಸ್ ಸರ್ಕಾರ 1985ರಿಂದ ನಡೆಸುತ್ತಿರುವ ಡೆಲ್ಫ್ ಪರೀಕ್ಷೆಯ ಮೊದಲ ಮೆಟ್ಟಿಲಿನಲ್ಲಿ ಕೇಳುವುದಕ್ಕೆ 25, ಓದುವುದಕ್ಕೆ 25, ಬರೆಯುವುದಕ್ಕೆ 25, ಮಾತಾಡುವುದಕ್ಕೆ 25. ವ್ಯಾಕರಣಕ್ಕೆಂದು ಬೇರೆ ವಿಭಾಗವೇ ಇಲ್ಲ. ಅರ್ಧದಷ್ಟು ಅಂಕ ಕಿವಿಗೆ ಮತ್ತು ಬಾಯಿಗೆ. ನನ್ನ ಅಣ್ಣನ ಮಗನ ಯೂನಿಟ್ ಟೆಸ್ಟಿನಲ್ಲಿ ಕಿವಿಗೆ ಎಷ್ಟು? ಸೊನ್ನೆ. ಬಾಯಿಗೆ? ಅದೂ ಸೊನ್ನೆ. ಸೆ ಜೆರೊ.

"ವಾರಕ್ಕೆ ಎರಡು ಮೂರು ಪೀರಿಯಡ್ ಮೇಡಂ, ಆಟ ಆಡಿಸೋಕೆ ಟೈಮ್ ಎಲ್ಲಿ?" ಎನ್ನುವ ಸಹೋದ್ಯೋಗಿಗಳ ಕಷ್ಟ ನನಗೆ ಗೊತ್ತು. ಆದರೆ ಕೋಷ್ಟಕ ಬರೆಸಿ, ಚೌಕಟ್ಟು ಎಳೆಸಿ, ಇಪ್ಪತ್ತು ಖಾಲಿ ಜಾಗ ತುಂಬಿಸಿ, ತಿದ್ದಿ, ತಿದ್ದಿದ್ದನ್ನು ಮತ್ತೆ ಬರೆಸಲು ಎಷ್ಟು ಪೀರಿಯಡ್ ಹಿಡಿಯಿತು? ನಾಲ್ಕು? ಐದು? ಅದಕ್ಕೆ ಮಾತ್ರ ಟೈಮ್ ಎಲ್ಲಿಂದ ಬಂತು?

ಇದು ಫ್ರೆಂಚಿನ ಜಾಡ್ಯ ಮಾತ್ರವೂ ಅಲ್ಲ. ಹೊರನಾಡಿನಿಂದ ಬೆಂಗಳೂರಿಗೆ ಬಂದ ಮಕ್ಕಳಿಗೆ ನಾವು ಕನ್ನಡ ಕಲಿಸುವುದೂ ಹೀಗೆಯೇ. ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ ಎಂದು ನಮ್ಮ ಅಪಾರ್ಟ್‌ಮೆಂಟಿನ ಹಿಂದಿ ಮಾತಾಡುವ ಹುಡುಗಿ ಗಿಳಿಯಂತೆ ಒಪ್ಪಿಸುತ್ತಾಳೆ. ಗೇಟಿನ ಹತ್ತಿರ ಬರುವ ಸೊಪ್ಪಿನವಳ ಹತ್ತಿರ "ಆ ಕಟ್ಟು ಕೊಡಿ" ಎನ್ನಲು ಇವತ್ತಿಗೂ ಬೆರಳನ್ನಷ್ಟೇ ಚಾಚುತ್ತಾಳೆ. ಬೆರಳಿದೆ, ಪದವಿಲ್ಲ. ಅಣ್ಣನ ಮಗನಿಗೆ ಪದವಿದೆ, ಬೆರಳಿಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲ ಮೂರು ತಿಂಗಳು ಕೋಷ್ಟಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಕಂಪಾಸ್ ಬಾಕ್ಸಿನಲ್ಲಿರುವುದನ್ನೆಲ್ಲ ಬೆಂಚಿನ ಮೇಲೆ ಸುರಿಸಿ. ಯಾವ ಪದವನ್ನೂ ಬೋಳಾಗಿ ಕಲಿಸಬೇಡಿ. 'ಸ ಸ್ತಿಲೊ', 'ಸೆತ್ ಗೊಮ್', 'ಸೆ ಕ್ರೆಯೋಂ' ಎಂದು ಮುಟ್ಟಿ, ಎತ್ತಿ, ತೋರಿಸಿ, ಪಕ್ಕದವನಿಂದ ಕಸಿದು ಹೇಳಿಸಿ. ಕಿಟಕಿಯಾಚೆಯ ಮರ 'ಸೆತ್ ಆರ್ಬ್ರ್', ಎರಡು ಮರ 'ಸೆ ಜಾರ್ಬ್ರ್'. ಆ 'ಜ' ಎಲ್ಲಿಂದ ಬಂತು ಎಂದು ಮಕ್ಕಳೇ ಕೇಳುತ್ತಾರೆ. ಆಗ ಲೋಪ, ಆಗಮ, ಆದೇಶ ಸಂಧಿ ಕಲಿಸಿದ ಅವರ ಕನ್ನಡ ಮೇಷ್ಟ್ರನ್ನು ನೆನೆಸಿ. ಪದಕ್ಕೆ ಪದ ತಾಗಿದಾಗ ನಡುವೆ ಸದ್ದೊಂದು ಏಳುವುದು ಈ ಮಕ್ಕಳಿಗೆ ಹೊಸದಲ್ಲ. ಬೆಳಿಗ್ಗೆ 'ಸ ಮತಾಂ', ಸಂಜೆ 'ಸ ಸ್ವಾರ್', ಈ ವರ್ಷ 'ಸೆತ್ ಆನೆ' ಎಂದು ದಿನದ ಹಾಜರಿಯ ಜೊತೆಗೇ ಸೇರಿಸಿ. ಇಷ್ಟು ಕಿವಿಗೆ ಬಿದ್ದ ಮೇಲೆ ಬೀರು ತೆಗೆಯಿರಿ. ಆ ನಾಲ್ಕು ಖಾನೆಯನ್ನು ಮಕ್ಕಳೇ ಎಳೆಯುತ್ತಾರೆ, ಎರಡು ಖಾನೆಯಲ್ಲಿ ಒಂದೇ ಸದ್ದು ಯಾಕೆ ಟೀಚರ್ ಎಂದು ನಿಮ್ಮನ್ನೇ ನಿಲ್ಲಿಸಿ ಕೇಳುತ್ತಾರೆ.

ಆಡಳಿತ ಮಂಡಳಿಯವರು ಇದಕ್ಕೆ ಹೊಸ ಕಟ್ಟಡ ಕಟ್ಟಬೇಕಿಲ್ಲ, ಸ್ಮಾರ್ಟ್ ಬೋರ್ಡ್ ತರಿಸಬೇಕಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಕಾಲು ಭಾಗ ಅಂಕವನ್ನು ಕಿವಿಗೆ, ಕಾಲು ಭಾಗವನ್ನು ಬಾಯಿಗೆ ಬಿಟ್ಟುಕೊಡಲಿ ಸಾಕು. ಪಾಠ ಮರುದಿನವೇ ಬದಲಾಗುತ್ತದೆ, ಯಾಕೆಂದರೆ ನಮ್ಮ ಶಾಲೆಗಳಲ್ಲಿ ಪಾಠ ನಡೆಯುವುದು ಪರೀಕ್ಷೆಯ ಹಿಂದೆ ಹಿಂದೆ. ಅದಕ್ಕೂ ಮನಸ್ಸಿಲ್ಲವೇ? ಹಾಗಾದರೆ ಮುಂದಿನ ಯೂನಿಟ್ ಟೆಸ್ಟಿಗೆ ಪ್ರಶ್ನೆ ಬರೆಯಲು ಕೂತಿರುವ ಟೀಚರ್, ನಿಮ್ಮನ್ನೇ ಕೇಳುತ್ತಿದ್ದೇನೆ. ಪ್ರತಿ ಖಾಲಿ ಜಾಗದ ಮುಂದೆ ಕಂಸದೊಳಗೆ ಒಂದು ಎಮ್ ಅಥವಾ ಎಫ್ ಇದೆಯಲ್ಲ, ಇವತ್ತು ರಾತ್ರಿ ಅದನ್ನು ಅಳಿಸಿಬಿಡಿ.